ನೀರುಗಂಟಿಯ ಗೆರೆ

ಎಂಬತ್ತೆಂಟರ ಮಳೆಗಾಲ. ಸಂಜೆ ನಾಲ್ಕಕ್ಕೆ ಹಿಡಿದ ಮಳೆ ಬಿಡುವ ಲಕ್ಷಣವಿರಲಿಲ್ಲ, ಕಡೂರಿನ ಬಸ್ಸು ಬರುವ ಲಕ್ಷಣವೂ ಇರಲಿಲ್ಲ. ದೇವನೂರಿನ ಕಡೆಯ ಆ ಹಳ್ಳಿಯ ಬಸ್ ಸ್ಟ್ಯಾಂಡಿನಲ್ಲಿ ಏಳೆಂಟು ಜನ ಮುದುರಿ ಕೂತಿದ್ದರು. ಜೊತೆಗೆ ನಂಜುಂಡಪ್ಪ, ಸರ್ವೆಯವರ ಸರಪಳಿ ಹಿಡಿದೇ ಮುದುಕನಾದವನು. "ಇಲ್ಲಿ ಕೆರೆ ಇತ್ತಂತಲ್ಲ ಅಜ್ಜಾ?" ಎಂದು ಯಾರೋ ಕೇಳಿದ್ದೇ ತಡ, ಅವನು ಶುರುಮಾಡಿದ.

"ಇತ್ತಂತೆ ಅಲ್ಲ ಕಣ್ರೋ, ನೀವು ಕೂತಿರೋದೇ ಕೆರೆಯೊಳಗೆ! ಕೆರೆಯಂಗಳದ ಜೌಗು ಇದು. ಆಪು ಹುಲ್ಲು ಎದೆಮಟ್ಟ ಬೆಳೆಯೋದು, ಕೊಕ್ಕರೆ ಸಂತೆ ಸೇರೋವು, ಬೇಸಿಗೇಲೂ ಎಮ್ಮೆ ಹೂತುಹೋಗೋ ಅಷ್ಟು ಕೆಸರು. ದಂಡಕ್ಕೆ ಬಿದ್ದಿದೆ ಅಂತ ಊರ ದೊಡ್ಡೋರು ಲಾರಿಗಟ್ಲೆ ಮಣ್ಣು ಸುರಿಸಿ ತುಂಬಿ, ಹನ್ನೊಂದು ಸೈಟು ಮಾಡಿ, ಸರ್ಕಾರದಿಂದ ಬಡವರಿಗೆ ಮನೆ ಕಟ್ಟಿಸಿದ್ರು. ಅಳೆದೋನು ಯಾರು? ನಾನೇ. ಆ ಪಾಪ ನನ್ನದೂ ಹೌದು.

ಆಗ ಓಬಳಪ್ಪ ಅಂತ ನೀರುಗಂಟಿ ಇದ್ದ. ತೂಬು ಎತ್ತಿ ಗದ್ದೆಗೆ ನೀರು ಬಿಡೋನು. ಮೋಡ ನೋಡಿ, ಕೆರೆ ನೀರು ಎಲ್ಲಿಗಂಟ ಬರ್ತದೆ ಅಂತ ಮುಂಚೇನೇ ತೂಬಿನ ಕಲ್ಲಿಗೆ ಕೆಮ್ಮಣ್ಣಲ್ಲಿ ಗೆರೆ ಎಳೆಯೋನು. ಒಂದು ಬೆರಳೂ ತಪ್ತಿರಲಿಲ್ಲ. ಜೌಗಿಗೆ ಮಣ್ಣು ಬಿದ್ದ ವರ್ಷಾನೇ ಸತ್ತ...

ಮೊದಲನೇ ಮನೆ ಸಿಕ್ಕಿದ್ದು ಅಂಜಿನಮ್ಮಂಗೆ. ಗಂಡ ಇಲ್ಲ, ಬಾಣಂತಿ ಮಗಳು, ಎಳೆ ಕೂಸು. ಇಪ್ಪತ್ತು ವರ್ಷ ಕಂಡೋರ ಕೊಟ್ಟಿಗೇಲಿದ್ದೋಳಿಗೆ ಸ್ವಂತ ಸೂರು ಅಂದ್ರೆ ಸಾಮಾನ್ಯಾನಾ? ಮನೆ ಬಿಟ್ಟು ಹೋದ್ರೆ ಬೇರೆಯವರಿಗೆ ಕೊಡ್ತೀವಿ ಅಂತ ತಾಲ್ಲೂಕು ಆಫೀಸಿನೋರು ಬೇರೆ ಹೇಳಿದ್ರು.

ಎಪ್ಪತ್ತೊಂಬತ್ತರಲ್ಲಿ ಒಂದು ಬೆಳಿಗ್ಗೆ ಎದ್ದು ನೋಡ್ತಾಳೆ... ಒಳಗೋಡೆ ಸುತ್ತ ಸೊಂಟದ ಮಟ್ಟಕ್ಕೆ ಕೆಮ್ಮಣ್ಣಿನ ಗೆರೆ! ಬಾಗಿಲು ಹಾಕ್ದಂಗೇ ಇದೆ. ನೆಲದ ಮೇಲೆ ಒದ್ದೆ ಹೆಜ್ಜೆ. ಒಳಗೆ ಬಂದಿದ್ದಾವೆ... ಹೊರಗೆ ಹೋಗಿಲ್ಲ. ಅದರ ಮೇಲೆ ಸುಣ್ಣ ಬಳಿದಳು. ಮಾರನೆ ದಿನ ಮತ್ತೆ! 'ಓಬಳಪ್ಪಾ, ನಿನ್ನ ಕೆರೆ ನಾನು ತಿಂದ್ನೇನಪ್ಪಾ? ಈ ಮನೆ ಬಿಡಲ್ಲ, ಅದೇನ್ ಮಾಡ್ತೀಯೋ ಮಾಡು' ಅಂತ ಬೈದಳು.

ಮೂರನೇ ದಿನ ಮಧ್ಯಾಹ್ನ ಅಕ್ಕಪಕ್ಕದೋರೂ ಬಾಯಿಬಿಟ್ರು. ಒಂಚೂರು ಮೇಲಿದ್ದ ಪಕ್ಕದ ಮನೇಲೂ ಗೆರೆ, ಆದ್ರೆ ಮೊಣಕಾಲಿಗೆ. ಇನ್ನೂ ಎತ್ತರದಲ್ಲಿದ್ದ ಮಲ್ಲಿಕಾಂಬನ ಮನೇಲಿ ಹೊಸಲಿಗೆ ಮಾತ್ರ. ಅಂಜಿನಮ್ಮ ಬೀದೀಲಿ ನಿಂತು, ತೆರೆದ ಬಾಗಿಲಲ್ಲಿ ಆ ಮನೆಯಿಂದ ಈ ಮನೆಗೆ ನೋಡಿದಳು... ಎಲ್ಲಾ ಒಂದೇ ಗೆರೆ! ಹಿಂಗೆ ಮಟ್ಟ ಹಿಡಿಯೋದು ನೀರಲ್ಲದೆ ಇನ್ಯಾವುದು? 'ಬೆದರಿಸ್ತಿಲ್ಲ ಕಣ್ರೇ, ಹೇಳ್ತಿದಾನೆ! ಏಳ್ರೇ!' ಅಂತ ಕೂಗಿ, ಆ ಸೂರಿನ ಕಡೆ ತಿರುಗೂ ನೋಡದೆ ಕೂಸನ್ನೆತ್ಕೊಂಡು, ಮಗಳ ಕೈ ಹಿಡ್ಕೊಂಡು ಗುಡಿ ದಿಬ್ಬ ಹತ್ತಿದಳು. ಹಿಂದೇನೇ ಮಿಕ್ಕ ಹತ್ತು ಮನೆ ಜನ.

ಸಂಜೆ ಮೇಲಿನೂರ ಕೆರೆ ಒಡೀತು. ನೀರು ನುಗ್ತು... ಸರಿಯಾಗಿ ಗೆರೆಗೆ ಬಂದು ನಿಂತ್ಕೊಳ್ತು. ಮನೆ ಕುಸಿದ್ವು, ನಿಜ. ಆದ್ರೆ ಒಂದು ಕೋಳಿಪಿಳ್ಳೇನೂ ಸಾಯಲಿಲ್ಲ. ಅಂಜಿನಮ್ಮ ಕೂಸನ್ನ ಎದೆಗವಚಿಕೊಂಡು ಅಳ್ತಾ ನಗ್ತಿದ್ದಳು. ಅವತ್ತು ನನ್ನ ಎದೆ ಹಗುರಾದಷ್ಟು ಯಾವತ್ತೂ ಆಗಿಲ್ಲ. ಆಮೇಲೆ ಊರ ಮೇಲಕ್ಕೆ ಬೇರೆ ಮನೇನೂ ಸಿಕ್ತು ಅವಳಿಗೆ."

"ಸದ್ಯ, ಬದುಕ್ಕೊಂಡ್ರಲ್ಲ" ಎಂದಳು ಒಬ್ಬ ಹೆಂಗಸು.

"ಹೂಂ. ಅದೇ ಜಾಗಕ್ಕೆ ಮತ್ತೆ ಮಣ್ಣು ಹೊಡೆಸಿ ಈ ಬಸ್ ಸ್ಟ್ಯಾಂಡು ಕಟ್ಟಿದ್ರು. ಹೆದರ್ಕೋಬೇಡಿ, ಓಬಳಪ್ಪ ಗೆರೆ ಎಳೆದ್ರೆ ಓಡೋಕೆ ಹೊತ್ತು ಕೊಟ್ಟೇ ಎಳೀತಾನೆ..." ಎಂದು ನಂಜುಂಡಪ್ಪ ಕೊಡೆ ತೆಗೆದುಕೊಂಡು ಎದ್ದ. "ಗೋಡೆಗೆ ಮಾತ್ರ ಒರಗಬೇಡಿ. ಕೆಮ್ಮಣ್ಣು ಇನ್ನೂ ಹಸಿ ಇದೆ."