ಉಪ್ಪುನೀರು ಹದಕ್ಕೆ ಬರೋವರೆಗೆ

ಬೇಡ ಬಿಂದು, ಕೈ ಹಾಕ್ಬೇಡಿ... ಕೈಗೆ ಕ್ರೀಮ್ ಹಚ್ಚಿರ್ತೀರಲ್ಲ, ಅದು ನೀರಿಗೆ ಬಿಟ್ಕೊಳ್ಳತ್ತೆ. ನನ್ನನ್ನೇ ಮಯೂರ್ ಮೊಣಕೈವರೆಗೂ ತೊಳೆಸ್ತಾನೆ, ಆಪರೇಷನ್ ಥಿಯೇಟರಿಗೆ ಹೊರಟವಳ ಥರ. ಕೂತ್ಕೊಳ್ಳಿ. ಅಲ್ಲಲ್ಲ, ಆ ಚೇರ್... ಏನಿಲ್ಲ, ಕೂತ್ಕೊಳ್ಳಿ ಪರವಾಗಿಲ್ಲ. ದಿನಾ ಅವನು ಕೂರೋ ಜಾಗ, ಅದಕ್ಕೆ ಬಾಯಿಗೆ ಬಂತು.

ನೀವು ಬಂದಿರೋದು ಅವನಿಗೆ ಗೊತ್ತಿಲ್ವಾ? ಓ, ಸರ್ಪ್ರೈಸು. ಆಫೀಸಿಂದ ಸೀದಾ ಇಲ್ಲಿಗೇ ಬರ್ತಾನೆ, ಇನ್ನೇನು ಬಂದ್ಬಿಡ್ತಾನೆ. ಅವರ ಮನೆ ಎರಡು ಮನೆ ಆಚೆಗೇ ಇರೋದು, ಆದ್ರೂ ಮೊದಲು ಇಲ್ಲಿಗೇ.

ಯಾಕೆ ನಗ್ತೀರ? ಮೀನಿನ ಟ್ಯಾಂಕಲ್ಲಿ ಮೀನೇ ಇಲ್ಲ ಅಂತಾನಾ? ನಗಿ, ನಗಿ. ಪಕ್ಕದ್ಮನೆ ಪಂಕಜಾ ಆಂಟಿ, ಏನಮ್ಮ ಧೃತಿ, ಕಲ್ಲು ಸಾಕ್ತಿದೀರಾ ಅಂತ ಕೇಳಿದ್ರು. ಒಂಥರಾ ಹೌದು. ಸಮುದ್ರದ ಮೀನು, ಹವಳ ಎಲ್ಲ ಬಿಡೋಕ್ಕೆ ಮುಂಚೆ ನೀರು ಹದಕ್ಕೆ ಬರ್ಬೇಕು. ಹಾಲಿಗೆ ಹೆಪ್ಪು ಹಾಕಿ ಕಾಯ್ತೀವಲ್ಲ, ಹಂಗೆ ಅಂದ್ಕೊಳ್ಳಿ. ಬೇಕಂತಲೇ ನೀರಿಗೆ ಒಂಚೂರು ಅಮೋನಿಯ ಬಿಡ್ತೀವಿ. ಮೀನಿಗೆ ಅದು ವಿಷ. ಆದ್ರೆ ಅದನ್ನ ತಿನ್ನೋ ಬ್ಯಾಕ್ಟೀರಿಯ ಇದಾವೆ, ಅವು ಈ ಕಲ್ಲೊಳಗೆ ಮನೆ ಮಾಡ್ಕೋಬೇಕು. ತಿಂದು ತಿಂದು, ಒಂದಿನ ಅಮೋನಿಯ ಸೊನ್ನೆ ಆಗತ್ತೆ. ಅವತ್ತು ಟ್ಯಾಂಕ್ ರೆಡಿ. ಆಮೇಲೆ ನೈಟ್ರೈಟು ನೈಟ್ರೇಟು ಅಂತ ಇನ್ನೂ ಇದೆ... ಬಿಡಿ, ತಲೆ ತಿನ್ನಲ್ಲ.

ಮೊದಲು ಅವನು ಸತ್ತ ಸಿಗಡಿ ಹಾಕೋಣ ಅಂದಿದ್ದ ಗೊತ್ತಾ? ಕೊಳೆತರೆ ಅಮೋನಿಯ ಬರತ್ತಂತೆ. ನಮ್ಮಮ್ಮನ ಮುಖ ನೋಡ್ಬೇಕಿತ್ತು ನೀವು. ದೇವರ ಮನೆ ಎದುರಿಗೇ ಸಿಗಡಿನಾ ಅಂತ ಊಟ ಬಿಟ್ಟು ಕೂತ್ರು. ಆಮೇಲೆ ಬಾಟಲಿ ಅಮೋನಿಯ ಅಂದ್ಮೇಲೆ ಒಪ್ಕೊಂಡ್ರು. ಅದೇನೋ ಔಷಧಿ ಇರ್ಬೇಕು ಅಂದ್ಕೊಂಡಿದಾರೆ.

ನಮ್ಮ ಮನೇಲಿ ಯಾಕೆ ಅಂದ್ರೆ, ಅವರ ಮನೆ ಮಹಡಿ ಮೇಲಿದೆಯಲ್ಲ. ಮದ್ರಾಸ್ ತಾರಸಿ, ಹಳೇದು. ಇಷ್ಟು ಭಾರ ಇಟ್ರೆ ಟ್ಯಾಂಕೂ ನೀನೂ ಕೆಳಗಿನ ಮನೆಗೇ ಬರ್ತೀರ ಅಂದ್ರಂತೆ ಅವರಮ್ಮ. ಮದುವೆ ಆದ್ಮೇಲೆ ನೀವಿಬ್ರೂ ಇರೋ ಅರೆಕೆರೆ ಫ್ಲಾಟಿಗೆ ಆಗ ಇನ್ನೂ ಕರೆಂಟ್ ಬಂದಿರ್ಲಿಲ್ಲ. ನಾನೇ ಅಂದೆ, ನಮ್ಮ ಹಾಲಲ್ಲಿ ಇಟ್ಕೊಳೋ, ನೆಲದ ಮನೆ, ಏನಾಗಲ್ಲ ಅಂತ. ಹದ ಆದ ಮೇಲೆ ಒಯ್ದ್ರಾಯ್ತು. ಮಧ್ಯದಲ್ಲಿ ಅಲ್ಲಾಡಿಸಿದ್ರೆ ಬ್ಯಾಕ್ಟೀರಿಯ ಸಾಯ್ತಾವೆ ಅಂತ ಅವನ ಲೆಕ್ಕ.

ಹೂಂ, ಟ್ಯಾಂಕ್ ಇಟ್ಟಾಗ ಮಾವಿನ ಹಣ್ಣಿನ ಕಾಲ. ಈಗ ಗಣೇಶನ್ನ ಬಿಟ್ಟೂ ಆಯ್ತು. ತುಂಬ ದಿನ ಆಯ್ತು, ನಿಜ. ನಾನೇನ್ ಮಾಡ್ಲಿ ಬಿಂದು?

ಅವನು ಮಾಡ್ದೆ ಇರೋದು ಯಾವುದೂ ಇಲ್ಲ. ಕಾವೇರಿ ನೀರಲ್ಲಿ ಕ್ಲೋರಿನ್ ಇದೆ, ಅದಕ್ಕೇ ಬ್ಯಾಕ್ಟೀರಿಯ ನಿಲ್ತಿಲ್ಲ ಅಂದ, ಆರ್‌ಓ ಹಾಕ್ಸಿದ. ಆಮೇಲೆ ಆರ್‌ಓ ಮೇಲೇ ಅನುಮಾನ, ಮೆಂಬ್ರೇನ್ ಬದಲಾಯಿಸ್ದ. ಉಪ್ಪಿನ ಕಂಪನಿ ಬದಲಾಯಿಸ್ದ. ಬೆಂಗಳೂರು ಚಳಿಗೆ ಅವು ಮಲ್ಕೊಂಡಿದಾವೆ ಅಂತ ಹೀಟರ್ ತಂದ. ಬ್ಯಾಕ್ಟೀರಿಯ ಬಾಟಲಿ ಮತ್ತೆ ತಂದ, ಮತ್ತೂ ತಂದ. ಕೊನೆಗೆ ಅನುಮಾನ ನಮ್ಮಮ್ಮನ ಫಿನಾಯಿಲ್ ಮೇಲೆ ಬಂತು. ಪಾಪ ಅಮ್ಮ, ಈಗ ಬರೀ ನೀರಲ್ಲೇ ನೆಲ ಒರೆಸ್ತಾರೆ. ಸಾಂಬ್ರಾಣಿ ಹಿತ್ತಲಲ್ಲಿ ಹಾಕ್ತಾರೆ. ಮಗು ಕಷ್ಟಪಡ್ತಿದೆ, ನನ್ನಿಂದ ಯಾಕೆ ತೊಂದ್ರೆ ಅಂತಾರೆ. ಅವನನ್ನ ಅವರು ಮಗು ಅಂತಾನೇ ಕರೆಯೋದು.

ಮೊನ್ನೆ ಇದೇ ಚೇರಲ್ಲಿ ತಲೆ ಹಿಡ್ಕೊಂಡು ಕೂತಿದ್ದ. ಕಾಫಿ ಕೊಟ್ಟೆ. ಇನ್ನೊಂದು ಲೋಟ ಕೇಳಿ ಕುಡ್ದ. ಊಟದ ಹೊತ್ತಿನವರೆಗೂ ಇದ್ದ ಅವತ್ತು.

ಏನಂದ್ರಿ? ಎಲ್ಲಾ ಚೆಲ್ಲಿ ಅರೆಕೆರೆಯಲ್ಲೇ ಹೊಸದಾಗಿ ಶುರು ಮಾಡೋಣ್ವಾ ಅಂತಾನಾ? ಅಯ್ಯೋ, ಅವನ ಎದುರಿಗೆ ಹೇಳ್ಬೇಡಿ. ಒಳ್ಳೇ ಕತೆ, ಇಷ್ಟು ದಿನದ್ದು ಚರಂಡಿಗಾ? ಇನ್ನು ಸ್ವಲ್ಪ ದಿನ. ಕಾರ್ತೀಕಕ್ಕೆ ತಾನೇ ನಿಮ್ಮ ಮದುವೆ? ಅಷ್ಟರಲ್ಲಿ ಆಗತ್ತೆ. ಆಗ್ಬೇಕು. ಆಗ್ದೆ ಇದ್ರೂ ಏನು, ಮದುವೆ ಆದ್ಮೇಲೂ ಬಂದು ನೋಡ್ಕೊಂಡು ಹೋಗ್ತಾನೆ. ಬನಶಂಕರಿ ಟ್ರಾಫಿಕ್ಕು ಅವನಿಗೆ ಹೊಸದಾ?

ಸಾಯಂಕಾಲ ಫೋನೇ ತೆಗೆಯಲ್ವಾ? ಟೇಬಲ್ ಮೇಲೆ ಸೈಲೆಂಟಲ್ಲಿ ಇಟ್ಬಿಡ್ತಾನೆ. ನಾನು ನೋಡಿದೀನಿ, ನಿಮ್ಮ ಹೆಸರು ಬಂದು ಹೋಗೋದು. ನಾನೇ ಹೇಳ್ತೀನಿ, ತೆಗಿಯೋ, ಬೇಜಾರ್ ಮಾಡ್ಕೋತಾರೆ ಅಂತ. ಹೇಳಿದೀನಿ... ಒಂದೊಂದ್ಸಲ.

ಇಷ್ಟೊಂದು ಮಾತಾಡ್ತೀನಿ ಅಂತ ಗೊತ್ತಿರ್ಲಿಲ್ವಾ? ನಿಮ್ಮ ನಿಶ್ಚಿತಾರ್ಥದಲ್ಲಿ ಮೂಲೇಲಿ ಕೂತಿದ್ದೆ ಅಲ್ವಾ ನಾನು. ಜನ ಜಾಸ್ತಿ ಇದ್ರೆ ನಾಲಿಗೆ ಏಳಲ್ಲ ನನಗೆ. ನೋಡ್ತಾ ಇರ್ತೀನಿ ಅಷ್ಟೆ. ನಿಮ್ಮಪ್ಪ ಬೈರಣ್ಣನವರು ಬಂದವರಿಗೆಲ್ಲ, ನಮ್ಮ ಬಿಲ್ಡಿಂಗಲ್ಲೇ ಅಳಿಯಂಗೆ ಮೂರನೇ ಫ್ಲೋರು ಅಂತ ಹೇಳ್ತಿದ್ರು. ಮಯೂರ್ ಕಿವಿ ಕೆಂಪಗಾಗಿತ್ತು. ನೀವು ನೋಡ್ಲಿಲ್ಲ. ಫೋಟೋಗೆ ನಿಂತಿದ್ರಿ.

ಚೆನ್ನಾಗಿ ಕಾಣ್ತಿದ್ರಿ ಅವತ್ತು. ಸುಳ್ಳಲ್ಲ. ಆ ರಾಮಾ ಗ್ರೀನ್ ಸೀರೆ ನಿಮ್ಮ ಬಣ್ಣಕ್ಕೆ... ಗೊತ್ತಿತ್ತು ನನಗೆ, ಅಂಗಡೀಲೇ ಗೊತ್ತಿತ್ತು.

ಹೌದು, ಜಯನಗರ ಫೋರ್ತ್ ಬ್ಲಾಕಲ್ಲಿ. ಅವನ ಜೊತೆ ನಾನೇ ಹೋಗಿದ್ದು. ಹೇಳಿಲ್ವಾ? ಅವನೇ ಆರಿಸಿದ್ದು ಅಂತ ಹೇಳಿದ್ನಾ... ಇರ್ಲಿ ಬಿಡಿ, ದುಡ್ಡು ಅವನದೇ, ಮನಸ್ಸೂ ಅವನದೇ. ಕಣ್ಣು ಮಾತ್ರ ನನ್ನದು. ಅವನು ಕೈಗೆತ್ಕೊಂಡಿದ್ದು ಯಾವುದು ಗೊತ್ತಾ? ಬೂದಿ ಬಣ್ಣದ್ದು. ಸೇಲ್ಸ್ ಹುಡುಗೀರು ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು. ಇದು ಹಸಿರು ತಾನೇ ಅಂತ ನನ್ನ ಕಿವೀಲಿ ಕೇಳ್ದ.

ತಮಾಷೆ ಅಲ್ಲ. ನಿಜವಾಗ್ಲೂ... ನಿಮಗೆ ಗೊತ್ತಿಲ್ವಾ? ಅವನು ಕಲರ್ ಬ್ಲೈಂಡ್ ಬಿಂದು.

ಹೇಳೇ ಇಲ್ವಾ? ಛೆ. ನಾನು ಹೇಳ್ಬಾರದಿತ್ತೇನೋ. ಗಾಬರಿ ಏನಿಲ್ಲ, ಡ್ರೈವಿಂಗಲ್ಲೆಲ್ಲ ಪರವಾಗಿಲ್ಲ, ಸಿಗ್ನಲ್ಲಲ್ಲಿ ಮೇಲಿಂದೋ ಕೆಳಗಿಂದೋ ಅಂತ ನೋಡ್ತಾನೆ. ಹಸಿರು, ಹಳದಿ, ಕಂದು, ಕೆಂಪು, ಎಲ್ಲ ಒಂದರೊಳಗೊಂದು ಕಲಸಿ ಹೋಗತ್ತೆ. ನಾಲ್ಕನೇ ಕ್ಲಾಸಲ್ಲಿ ಹಸಿರು ನಾಯಿ ಬರೆದಿದ್ದಕ್ಕೆ ಇಡೀ ಕ್ಲಾಸು ನಕ್ಕಿತ್ತು. ಅವತ್ತಿಂದ ಅವನ ಕ್ರೇಯಾನ್ ಮೇಲೆಲ್ಲ ನಾನೇ ಹೆಸರು ಬರೆದು ಕೊಡ್ತಿದ್ದೆ. ಅವರ ಮನೇಲೂ ಗೊತ್ತಿಲ್ಲ. ನನಗೊಬ್ಬಳಿಗೇ ಗೊತ್ತು. ಧೃತಿ ಕಣ್ಣೇ ನನ್ನ ಮೀಟರು ಅಂತಾನೆ... ನಾಚಿಕೆ ಆಗಿರ್ಬೇಕು ನಿಮ್ಮ ಹತ್ರ. ಹೊಸಬರ ಹತ್ರ ಆಗತ್ತಲ್ಲ.

ಬೇಜಾರಾಯ್ತಾ? ಮದುವೆ ಆದ್ಮೇಲೆ ಎಲ್ಲ ನಿಧಾನಕ್ಕೆ ಹೇಳ್ತಾನೆ ಬಿಡಿ. ನೀವೂ ಕಲ್ತ್ಕೋತೀರ. ಎಷ್ಟು ವರ್ಷ ಇದೆ ಮುಂದೆ.

ಇದಾ? ಇದು ಟೆಸ್ಟ್ ಕಿಟ್ಟು. ಅಮೋನಿಯದ್ದೇ. ಟ್ಯೂಬಲ್ಲಿ ಗೆರೆವರೆಗೂ ಟ್ಯಾಂಕ್ ನೀರು ತಗೊಂಡು, ಎರಡು ಬಾಟಲಿಂದ ಹನಿ ಹಾಕಿ ಕುಲುಕಿ ಸ್ವಲ್ಪ ಹೊತ್ತು ಬಿಡೋದು, ಬಣ್ಣ ಬರತ್ತೆ. ಈ ಕಾರ್ಡ್ ಜೊತೆ ಹೋಲಿಸೋದು. ಹಳದಿ ಬಂದ್ರೆ ಸೊನ್ನೆ, ಟ್ಯಾಂಕ್ ರೆಡಿ. ಹಸಿರು ಬಂದ್ರೆ ಅಮೋನಿಯ ಇನ್ನೂ ಇದೆ ಅಂತ. ಗಾಢ ಹಸಿರು ಅಂದ್ರೆ ಜಾಸ್ತಿ.

ನಾನೇ ಓದೋದು. ಮತ್ತೆ ಇನ್ಯಾರು? ಉಪ್ಪಿನ ಮೀಟರು, ಟೆಂಪರೇಚರು, ಅಂಕಿ ಇರೋದೆಲ್ಲ ಅವನು ನೋಡ್ತಾನೆ. ಬಣ್ಣ ಇರೋದೆಲ್ಲ ನಾನು. ಅವನಿಗೆ ಇದೂ ಒಂದೇ ಅದೂ ಒಂದೇ, ನಾನು ಹೇಳಿದ್ದೇ...

ಏನ್ ಮಾಡ್ತಿದೀರ? ಬೇಡ ಬಿಡಿ, ಆ ದ್ರವ ಚರ್ಮಕ್ಕೆ ಒಳ್ಳೇದಲ್ಲ. ಕೊಡಿ ಇಲ್ಲಿ, ನಾನು ಮಾಡಿ ತೋರಿಸ್ತೀನಿ. ಇವತ್ತಿಂದು ಮಾಡಾಯ್ತು ಬಿಂದು, ಬೆಳಗ್ಗೇನೇ ಮಾಡ್ದೆ, ದಿನಕ್ಕೆರಡು ಸಲ ಯಾಕೆ? ಕೆಮಿಕಲ್ ದಂಡ.

ಕೈ ತೊಳ್ಕೊಂಡು ಬಂದ್ಬಿಟ್ರಾ. ಸರಿ. ಮಾಡಿ ಮತ್ತೆ, ನೀವೂ ಒಂದ್ಸಲ ಮಾಡಿ, ಆಸೆ ಯಾಕೆ ಉಳಿಸ್ಕೋತೀರ. ಗೆರೆವರೆಗೆ... ಹಾಂ. ಹನಿ ಲೆಕ್ಕ ಹಿಂದೆ ಬರೆದಿದೆ. ಹನಿ ಸರಿಯಾಗಿ ಬೀಳ್ತಿದೆ ನಿಮ್ಮದು. ನಾನು ಮೊದಲ ಸಲ ಒಂದು ಹನಿ ಜಾಸ್ತಿ ಹಾಕ್ಬಿಟ್ಟಿದ್ದೆ, ಅವನು ಪಕ್ಕದಲ್ಲೇ ನಿಂತಿದ್ದ, ಉಸಿರು ಇಲ್ಲಿ ಕತ್ತಿಗೆ ತಾಗೋಷ್ಟು... ಚಿಕ್ಕ ಟ್ಯೂಬಲ್ವಾ, ಬಗ್ಗಿ ನೋಡ್ಬೇಕು. ಅದಕ್ಕೆ.

ಈಗ ಕಾಯ್ಬೇಕು. ಕೂತ್ಕೊಳ್ಳಿ. ದಿಟ್ಟಿಸಿ ನೋಡ್ತಿದ್ರೆ ಬೇಗ ಆಗಲ್ಲ ಅದು.

ನಿಮಗೆ ಕಾಫಿ ಕೊಡ್ಲಾ? ಬೇಡ್ವಾ. ಗೊತ್ತಾ, ಪಿಯುಸಿ ಆದ್ಮೇಲೆ ಅವನು ನಮ್ಮನೆಗೆ ಬರೋದೇ ಬಿಟ್ಬಿಟ್ಟಿದ್ದ. ಹಬ್ಬಕ್ಕೆ ಒಬ್ಬಟ್ಟು ಕೊಡೋಕೆ ಬಂದು ಬಾಗಿಲಲ್ಲೇ ನಿಂತು ಹೋಗೋನು. ಈ ಟ್ಯಾಂಕ್ ಬಂದ್ಮೇಲೆ ಒಳಗೆ ಬಂದಿದ್ದು. ದಿನಾ ಬರ್ತಾನೆ, ಕೂತ್ಕೋತಾನೆ, ಆಫೀಸಲ್ಲಿ ಯಾರು ಏನಂದ್ರು ಎಲ್ಲ ಹೇಳ್ತಾನೆ. ನಿಮ್ಮ ವಿಷಯಾನೂ ಹೇಳ್ತಾನೆ. ಬಿಂದುಗೆ ಕಿತ್ತಳೆ ಪಟ್ಟೆ ಮೀನಂದ್ರೆ ಇಷ್ಟ, ಮೊದಲು ಅದನ್ನೇ ಬಿಡೋದು ಅಂತ. ಕಿತ್ತಳೆ ಅವನಿಗೆ ಹೇಗೆ ಕಾಣತ್ತೋ. ಕೇಳ್ತಾ ಕೂತಿರ್ತೀನಿ. ಕೇಳೋದು ಅಭ್ಯಾಸ ನನಗೆ. ಇದು ಹೋದ ಮೇಲೆ ಈ ಹಾಲಲ್ಲಿ ಅವನಿಗೆ ಏನ್ ಕೆಲಸ, ಹೇಳಿ?

ಆಯ್ತಾ? ಇನ್ನೂ ಆಗಿರಲ್ಲ. ಇನ್ನು ಸ್ವಲ್ಪ ಹೊತ್ತು ಬಿಡಿ, ಬಣ್ಣ ಏರತ್ತೆ...

ಹಂಗಲ್ಲ ನೋಡೋದು. ಕಾರ್ಡ್ ಹತ್ರ ಹಿಡೀರಿ. ಅಷ್ಟು ಹತ್ರ ಬೇಡ. ಎಲ್ಇಡಿ ಬೆಳಕಲ್ಲಿ ಎಲ್ಲಾ ಹಳದಿಯಾಗೇ ಕಾಣತ್ತೆ, ನಿಂಬೆಹಣ್ಣಿನ ಥರ. ಕಿಟಕಿ ಹತ್ರ... ಅಲ್ಲೂ ಹಂಗೇನಾ. ಎರಡನೇ ಬಾಟಲಿ ಸರಿಯಾಗಿ ಕುಲುಕಿಲ್ಲ ನೀವು. ಅಥವಾ ಕಿಟ್ಟೇ ಹಳೇದಾಗಿರ್ಬೇಕು, ಹೊಸದು ತರಿಸ್ಬೇಕು ಅಂತ ನಾನೇ ಅಂದ್ಕೊಂಡಿದ್ದೆ.

ಬೆಳಗ್ಗೆ ನಾನು ನೋಡ್ದಾಗ ಹಸಿರಿತ್ತು. ನಿನ್ನೇನೂ. ಮೊನ್ನೇನೂ.

ಒಂದೊಂದ್ಸಲ ಒಂದೇ ದಿನದಲ್ಲಿ ಇಳಿದ್ಬಿಡತ್ತೆ ಬಿಂದು. ಬೇಕಾದ್ರೆ ಫೋನಲ್ಲಿ ಓದಿ ನೋಡಿ. ಯಾಕೆ ಕಾರ್ಡ್ ಬಿಟ್ಟು ನನ್ನ ಮುಖ ನೋಡ್ತಿದೀರ?

ಕಾರ್ಡ್ ಕೊಡಿ ಇಲ್ಲಿ.

ಗೇಟು... ಬಂದ. ಏನೋ ಮಯೂರ್? ಕೇಳಿಸ್ತಿಲ್ಲ... ಇವತ್ತಿಂದಾ? ಇನ್ನೂ ಹಸಿರೇ ಕಣೋ. ಶೂ ಬಿಚ್ಚಿ ಬಾ, ಕಾಫಿ ಇಡ್ತೀನಿ.

...

ಬಾಯಿಗೆ ಬಂದ್ಬಿಡ್ತು ಬಿಂದು. ದಿನಾ ಹೇಳಿ ಹೇಳಿ... ಹಂಗೆ ನೋಡ್ಬೇಡ.

ಮೆತ್ತಗೆ ಹೇಳ್ತೀನಿ, ಕೇಳು. ಅವನು ಶೂ ಲೇಸ್ ಬಿಚ್ಚೋಕೆ ಹೊತ್ತು ಮಾಡ್ತಾನೆ. ಟ್ಯೂಬು ಬಚ್ಚಿಡೋದೂ ಬೇಡ, ಚೆಲ್ಲೋದೂ ಬೇಡ. ಮುಖದ ಎದುರಿಗೇ ಹಿಡಿದ್ರೂ ಅವನಿಗೆ ಕಾಣಲ್ಲ. ನೀನು ಬಾಯಿ ಬಿಟ್ರೆ ಮಾತ್ರ ಗೊತ್ತಾಗೋದು. ದೀಪಾವಳಿವರೆಗೆ, ಅಷ್ಟೇ, ದೀಪಾವಳಿ ಆದ್ಮೇಲೆ ನಾನೇ ಹಳದಿ ಅಂತೀನಿ. ಆಮೇಲೆ ಟ್ಯಾಂಕೂ ನಿಂದೇ, ಸಾಯಂಕಾಲಾನೂ ನಿಂದೇ... ಎಲ್ಲಾ ನಿಂದೇ ಅಲ್ವಾ?

ಬೈಯಿ ಬೇಕಾದ್ರೆ.

ಟ್ಯೂಬನ್ನ ಯಾಕೆ ನನ್ನ ಕೈಗೆ ಕೊಡ್ತಿದೀಯ? ಅವನಿಗೆ ನಾನೇ ಹೇಳ್ಲಿ ಅಂತಾನಾ?