ಕಣ್ಣಿಲ್ಲದ ಜಪಾನಿ ಹುಡುಗಿ

ಕಿನ್ನಾಳದ ಗೊಂಬೆ ಮಾಡುವ ಮನೆಯೊಂದರಲ್ಲಿ ಹೆಂಗಸರು ತಲೆಮಾರುಗಟ್ಟಲೆ ಗೊಂಬೆಗಳಿಗೆ ಬಣ್ಣ ಬಳಿದರು. ಕಣ್ಣು ಬರೆಯಲು ಮಾತ್ರ ಗಂಡಸರು ಅವರನ್ನು ಬಿಡಲಿಲ್ಲ.

ಕೊಪ್ಪಳದ ಬಸ್ಸಿನಲ್ಲಿ ಆ ಮನೆಯ ಸುರೇಖಾ ತೊಡೆಯ ಮೇಲೆ ಲ್ಯಾಪ್‌ಟಾಪ್ ತೆರೆದು ಅಜ್ಜಿಗೆ ತೋರಿಸುತ್ತಿದ್ದಳು. ಕಂಡಕ್ಟರ್ ಈಶಪ್ಪ ಟಿಕೆಟ್ ಹರಿಯುವುದನ್ನು ಮರೆತು ಕಿವಿಗೊಟ್ಟ. ಜಪಾನಿ ಕಾರ್ಟೂನಿನ ಹುಡುಗಿಯೊಬ್ಬಳ ಚಿತ್ರದ ಮೇಲೆ ಅವಳು ಮೊದಲ ಸಲ ಮೌಸಿನಿಂದ ಚುಕ್ಕಿ ಇಟ್ಟು, ಚುಕ್ಕಿಗಳನ್ನು ಕೂಡಿಸಿ ಗೆರೆ ತೀಡಿದ್ದಳು. ಕಂಪ್ಯೂಟರ್ ಕ್ಲಾಸಿಗೆ ಅದನ್ನು ಇವತ್ತೇ ಒಪ್ಪಿಸಬೇಕಿತ್ತು.

“ಕೂದಲಾ ಛಲೋ ಬಂದಾವ. ಗೆರಿ ಯಾಕ ನಡುಗ್ಯಾವ?” ಎಂದಳು ಅಜ್ಜಿ.

“ಚುಕ್ಕಿ ಭಾಳ ಇಟ್ಟೆ, ಆಯಿ. ಕಡಿಮಿ ಇಟ್ರ ಗೆರಿ ನುಣ್ಣಗ ಬರ್ತೈತಂತ.”

“ಮಾರಿ ತುಂಬ ಕಣ್ಣಿನ ಜಾಗಾನ ಐತಿ. ಕಣ್ಣೆಲ್ಲಿ?”

“ಅಪ್ಪ ಬರೀಲಿ ಅಂತ ಬಿಟ್ಟೇನಿ.”

“ನಿಮ್ಮಪ್ಪಗ ಈ ಡಬ್ಬಿ ತೆರಿಯಾಕರ ಬರ್ತೈತೇನ?”

“ಇಲ್ಲ. ರೂಢಿ ಆಗೇತಿ, ಆಯಿ. ಕಣ್ಣಿನ ಹತ್ರ ಬಂದ್ರ ಕೈ ನಿಲ್ತೈತಿ.”

“ನನ್ನ ಕೈ ಹಂಗ ನಿಂತು ನಿಂತು ಮುದಿ ಆತು. ನೀ ಬರಿ.”

ಬಸ್ಸು ನಿಲ್ದಾಣ ಸೇರಿತು. ಉಳಿದವರೆಲ್ಲ ಇಳಿದರು.

“ಇಳೀರಿ ಅಮ್ಮಾರ, ಗಾಡಿ ಹೊಳ್ಳಿಸಬೇಕು,” ಎಂದ ಈಶಪ್ಪ.

“ಇಳಿಯಂಗಿಲ್ಲಪಾ,” ಎಂದಳು ಅಜ್ಜಿ, ಸೀಟಿನ ಕಂಬಿ ಹಿಡಿದುಕೊಂಡು. “ಮೊದಲ ಇಕಿ ಕಣ್ಣ ಬರೀಲಿ.”