ಬಸ್ಸು ಕೇಳಿದ ಬೀದಿ

"ಹಲೋ… ಯಾರು ಮಾತಾಡೋದು? ಹಾಂ? ಯಾರು?… ಯರ್ರಪ್ಪನಾ? ಲೇ ತಮ್ಮಾ, ನಿನ್ ದನಿ ಬಾವಿಯೊಳಗಿಂದ ಬಂದಂಗೈತಲ್ಲೋ!"

ಚಳ್ಳಕೆರೆಯ ಕಡಲೆಕಾಯಿ ಮಂಡಿಗೆ ಫೋನು ಬಂದು ವರ್ಷವೂ ಆಗಿರಲಿಲ್ಲ. ತಮ್ಮ ಬೆಂಗಳೂರಿನಿಂದ ಮಾತಾಡುತ್ತಾನೆಂದು ಪಾತಮ್ಮ ಮೊಳಕಾಲ್ಮೂರಿನಿಂದ ಮೋಟಾರು ಬಸ್ಸು ಹತ್ತಿ ಬಂದಿದ್ದಳು. ರೇಷ್ಮೆ ಸೀರೆ ಕೊಳ್ಳುವವರೆಲ್ಲ ಅಲ್ಲೇ ಇದ್ದಾರೆಂದು ಅವನು ಮಗ್ಗಗಳನ್ನೆಲ್ಲ ಕಿತ್ತು ಬೆಂಗಳೂರಿಗೆ ಸಾಗಿಸಿದ್ದು ಯುಗಾದಿ ಕಳೆದ ಮೇಲೆ. ಈಗ ದೀಪಾವಳಿ ಹತ್ತಿರ ಬಂದಿತ್ತು.

"ನಿನ್ ಹೆಂಡ್ತಿ ರಂಗಕ್ಕ ಹೆಂಗವ್ಳೆ? ಅವ್ಳಿಗೆ ಊರು ಒಗ್ಗೈತಾ?… ಮಗ್ಗ?… ಹಾಂ? ಜಟ್ಕಾನಾ? ಹಾಸಿನ ಮ್ಯಾಲೇ ಹೋತಾ!…"

ನೇಯುವ ಮುಂಚೆ ರೇಷ್ಮೆಯ ಹಾಸನ್ನು, ಅಂದರೆ ಸೀರೆಯ ಉದ್ದನೆಯ ಎಳೆಗಳನ್ನು, ಬೀದಿಯುದ್ದಕ್ಕೂ ಎಳೆದು ಕಟ್ಟಿ, ಎಳೆ ಎಳೆಯನ್ನೂ ನೇರ ಮಾಡಿಯೇ ಮಗ್ಗಕ್ಕೆ ಏರಿಸಬೇಕು. ಬೆಂಗಳೂರಿನ ಬೀದಿಯಲ್ಲಿ ತಮ್ಮ ಹಾಗೆ ಕಟ್ಟಿದ್ದ ಹಾಸಿನ ಮೇಲೆ ಜಟಕಾ ಹರಿದಿತ್ತು. ಪಾತಮ್ಮನಿಗೆ ಕನಿಕರವಾದರೂ ನಗು ತಡೆಯಲಾಗಲಿಲ್ಲ.

"ಕುದ್ರೆ ಕಾಲಿಗೆ ಜರಿ ಸುತ್ಕೊಂತಾ? ಅಯ್ಯೋ, ಮದ್ವೆ ಕುದ್ರೆ ಆಯ್ತಲ್ಲೋ ಅದು!… ನಗ್ತಿಲ್ಲ ಕಣಪ್ಪಾ… ಸರಿ, ನಗ್ತಿದೀನಿ…"

"ಪೊಲೀಸ್ನೋನೂ ಬೈದ್ನಾ? ಬೈಯ್ದೆ ಇನ್ನೇನ್ ಮಾಡ್ತಾನೆ? ಅಲ್ಲಿ ಬೀದಿ ಇರೋದು ಓಡಾಡೋಕೆ. ನಮ್ ಕೇರೀಲಿ ಹಾಸು ಕಟ್ಟಿದ್ರೆ ಎಮ್ಮೆನೂ ಸುತ್ತು ಹಾಕ್ಕೊಂಡು ಹೋಗ್ತದೆ, ಅಲ್ವಾ?…"

"ಹೂಂ… ಕೊಳ್ಳೋರು ಅಲ್ಲವ್ರೆ, ನಿಜ. ಸೀರೆ ಹೊತ್ಕೊಂಡು ಹೋಗಿ ಮಾರ್ಬೌದು. ಬೀದಿ ಹೊತ್ಕೊಂಡು ಹೋಗೋಕಾಗ್ತದಾ?…"

"ವಾಪಸ್ ಬಂದ್ರೆ ಊರೋರು ಏನಂತಾರೆ ಅಂತೀಯಾ? ನಗ್ತಾರೆ. ನಗ್ತಾ ನಗ್ತಾನೇ ಹಾಸು ಹಿಡಿಯೋಕೆ ಬರ್ತಾರೆ… ಆದ್ರೆ ಒಂದ್ ಮಾತು ತಮ್ಮಾ. ಬಸ್ಸಿನ ಮಾಲೀಕ ಬಂದಿದ್ದ. ಮಗ್ಗ ಹೋದ ಮ್ಯಾಲೆ ಬೀದಿ ಖಾಲಿ ಬಿದ್ದೈತೆ, ಇದ್ರಾಗೇ ಬಸ್ ಬಿಡ್ತೀನಿ ಅಂದ. ಹಾಸು ಕಟ್ತಿದ್ದ ಮನೆ ಅವ್ರದು, ಪಾತಮ್ಮ ಹೂಂ ಅಂದ್ರೆ ನಮ್ದೂ ಹೂಂ ಅಂದ್ರು ಕೇರಿಯೋರು… ಕಿರುಚ್ಬ್ಯಾಡ, ಕೇಳಿಸ್ತೈತೆ! ಬಸ್ ಬಂದ್ರೆ ಇಲ್ಲೂ ಬೆಂಗ್ಳೂರೇ ಆಗ್ತದೆ, ಗೊತ್ತು. ಅದಕ್ಕೇ ಕೇಳ್ತಿದೀನಿ, ಬರ್ತೀಯೋ ಇಲ್ವೋ?…"

ಆ ಕಡೆಯಿಂದ ಬರೀ ಗೊರಗೊರ ಸದ್ದು. ಪಾತಮ್ಮ ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಮಗ್ಗದ ಸದ್ದಿಲ್ಲದ ಮನೆ ಅವಳಿಗೆ ಬೇಡವೇ ಬೇಡವಾಗಿತ್ತು.

"ಹಾಂ? ಏನಂದೆ?… ಬರ್ತೀಯಾ? ಎಲ್ಲಾ ಮಗ್ಗಾನೂ?… ದೀಪಾವಳಿಗೇ? ನಮ್ಮಪ್ಪಾ!…"

"ಬೀದಿನಾ? ಗಾಬ್ರಿ ಬ್ಯಾಡ್ವೋ. ಬಸ್ಸಿನೋನ್ಗೆ ಆಗಲ್ಲ ಅಂತ ಅವತ್ತೇ ಹೇಳಿ ಕಳಿಸ್ದೆ… ನೀನು ಬರ್ತೀಯಂತ ನಂಗೇನ್ ಗೊತ್ತಿತ್ತು? ಗೊತ್ತಿರ್ಲಿಲ್ಲ. ಆದ್ರೂ ನೀನು ಹೋದಾಗ್ನಿಂದ ದಿನಾ ಬೆಳಿಗ್ಗೆ ಬೀದಿ ಗುಡಿಸಿ ನೀರು ಹಾಕ್ತಿದೀನಿ ಕಣೋ. ನಮ್ ಮನೆ ಮುಂದಷ್ಟೇ ಅಲ್ಲ, ಆ ತುದಿಗಂಟ, ಹಾಸು ಕಟ್ಟೋ ಗೂಟದ ತನ್ಕ… ಹಲೋ? ಯರ್ರಪ್ಪಾ?… ಕೇಳಿಸ್ತಾ? ಹಲೋ…"